ಹೆಸರು ಬದಲಾದಾಗ ವಸ್ತುವನ್ನು ಗುರುತಿಸುವ ಬಗೆ

ಮಲೆನಾಡಿನಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಇಬ್ಬರು ಅಡಿಕೆ ಬೆಳೆಗಾರರು ಎದುರಾದರೆ ಮೊದಲು ಬರುವ ಮಾತು ‘ಔಷಧಿ ಹೊಡೆಸಿ ಆಯ್ತಾ?’ ಎಂಬುದು. ಇಲ್ಲಿ ಔಷಧಿ ಎಂದರೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಆದರೆ ಅದೇ ತೋಟದಲ್ಲಿ ಬೇರುಹುಳಕ್ಕೆ ಸುರಿಯುವ ಕೀಟನಾಶಕವೂ ಔಷಧಿ, ಕಾಲುದಾರಿಯ ಹುಲ್ಲನ್ನು ಒಣಗಿಸುವ ಕಳೆನಾಶಕವೂ ಔಷಧಿ, ಮನೆಯ ಗೂಡಿನಲ್ಲಿ ಇಟ್ಟಿರುವ ಜ್ವರದ ಮಾತ್ರೆಯೂ ಔಷಧಿಯೇ. ಗುಣ ಮಾಡುವುದನ್ನೂ ಕೊಲ್ಲುವುದನ್ನೂ ಒಂದೇ ಮಾತಿನಿಂದ ಕರೆಯುವ ಈ ರೂಢಿಯನ್ನು ಯಾವ ಕಂಪನಿಯೂ ನಮ್ಮ ಮೇಲೆ ಹೇರಲಿಲ್ಲ. ನಾವೇ ಇಟ್ಟುಕೊಂಡ ಹೆಸರು ಅದು, ಮತ್ತು ಅದರ ಪರಿಣಾಮವನ್ನು ಅನುಭವಿಸುತ್ತಿರುವವರೂ ನಾವೇ.

ತೀರ್ಥಹಳ್ಳಿ ಕಡೆಯ ರೈತರ ಸಭೆಗಳಿಗೆ ಮತ್ತು ಸೊಸೈಟಿಯ ಸೂಚನಾ ಫಲಕಕ್ಕೆ ಕನ್ನಡದಲ್ಲಿ ಮಾಹಿತಿ ಬರೆದುಕೊಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಒಮ್ಮೆ ಎಲ್ಲರಿಗೂ ತಿಳಿಯಲಿ ಎಂಬ ಉದ್ದೇಶದಿಂದ ಕಳೆನಾಶಕವನ್ನು ‘ಕಳೆ ಔಷಧಿ’ ಎಂದೇ ಬರೆದೆ. ಕೆಲವು ದಿನಗಳ ನಂತರ ಒಂದು ಮನೆಯ ಹಿತ್ತಿಲಿನಲ್ಲಿ ಅದರ ಖಾಲಿ ಡಬ್ಬದಲ್ಲಿ ಬೀಜದ ಹೆಸರುಕಾಳು ತುಂಬಿಟ್ಟದ್ದನ್ನು ಕಂಡು ಕೇಳಿದಾಗ, ಆ ಮನೆಯ ಹಿರಿಯ ಹೆಂಗಸು ‘ಔಷಧಿ ಡಬ್ಬ ಅಲ್ವಾ ಅದು, ಚೆನ್ನಾಗಿ ತೊಳೆದಿದ್ದೀನಿ’ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಬರೆದ ಹೆಸರು ಹೇಳಿದ್ದನ್ನೇ ಅವರು ನಂಬಿದ್ದರು. ಊರಿನಲ್ಲಿ ಇನ್ನೊಬ್ಬರಿಗೆ ಡಬ್ಬ ಓದಿ ಹೇಳುವವರಿಗೆ, ಗ್ರಾಮಸಭೆಯಲ್ಲಿ ಯೋಜನೆಯೊಂದರ ಪತ್ರ ಬಂದಾಗ ಎದ್ದು ಪ್ರಶ್ನೆ ಕೇಳಬೇಕಾದವರಿಗೆ, ವೈಜ್ಞಾನಿಕ ವಿಷಯಗಳನ್ನು ಕನ್ನಡಕ್ಕೆ ತರುವವರಿಗೆ ಉಪಯೋಗವಾಗಲೆಂದು ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಬೋರ್ಡೋ ದ್ರಾವಣ ತಯಾರಿಸುವವರಿಗೆ ಒಂದು ಪರೀಕ್ಷೆ ಗೊತ್ತಿದೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಅಂಶವಿರುವ ನೀಲಿ ಹರಳು), 1 ಕೆ.ಜಿ. ಸುಣ್ಣ ಎಂಬ ಲೆಕ್ಕದಲ್ಲಿ ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ, ಹೊಳಪಿರುವ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನೂ ಹಾಕಬೇಕು ಎಂದು ತಿಳಿಯುತ್ತಾರೆ. ಚೀಲದ ಮೇಲೆ ಸುಣ್ಣ ಎಂದು ಬರೆದಿದೆ ಎಂಬ ಕಾರಣಕ್ಕೆ ಯಾರೂ ಪರೀಕ್ಷೆಯನ್ನು ಬಿಡುವುದಿಲ್ಲ, ಏಕೆಂದರೆ ಹಳೆಯ ಸುಣ್ಣ ಗಾಳಿ ಹೀರಿ ಸತ್ವ ಕಳೆದುಕೊಂಡಿರಬಹುದು, ಹೆಸರು ಮಾತ್ರ ಸುಣ್ಣವೆಂದೇ ಉಳಿದಿರುತ್ತದೆ. ಹೊಸ ಹೆಸರು ಹೊತ್ತು ಬರುವ ಪ್ರತಿಯೊಂದು ವಸ್ತುವಿಗೂ, ತಂತ್ರಜ್ಞಾನಕ್ಕೂ ಇಂಥ ಒಂದು ಕತ್ತಿ ಅದ್ದಿ ನೋಡಬೇಕಾಗುತ್ತದೆ.

ಹಳೆಯ ಹೆಸರನ್ನು ಮೊದಲು ಹುಡುಕಿ

ಹೊಸ ಹೆಸರೊಂದು ಕಿವಿಗೆ ಬಿದ್ದ ಕೂಡಲೇ ಒಂದು ಹಾಳೆಯಲ್ಲಿ ಅದನ್ನು ಬರೆದು, ಅದರ ಪಕ್ಕದಲ್ಲಿ ಅದೇ ವಸ್ತುವಿನ ಹಿಂದಿನ ಹೆಸರನ್ನು ಬರೆಯಿರಿ. ನಂತರ ಒಂದೇ ಪ್ರಶ್ನೆ ಕೇಳಿ: ಬದಲಾದದ್ದು ವಸ್ತುವೋ, ಹೆಸರೋ? ಇದು ಸರಳವಾಗಿ ಕಂಡರೂ ಉತ್ತರ ಪ್ರತಿಸಲವೂ ಬೇರೆಯಾಗಿರುತ್ತದೆ. ಹೆಸರು ಬದಲಿಸಿದವರೆಲ್ಲ ಮೋಸಗಾರರೆಂಬ ಪೂರ್ವಗ್ರಹದಿಂದ ಹೊರಟರೆ ತಪ್ಪುದಾರಿ ಹಿಡಿಯುತ್ತೇವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಎಂಆರ್‌ಐ ಯಂತ್ರವನ್ನು ತೆಗೆದುಕೊಳ್ಳಿ. ಅದರ ಮೂಲ ತತ್ವಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್’. ಆಸ್ಪತ್ರೆಗೆ ಬರುವ ಹೊತ್ತಿಗೆ ‘ನ್ಯೂಕ್ಲಿಯರ್’ ಎಂಬ ಮಾತನ್ನು ಕೈಬಿಡಲಾಯಿತು, ಏಕೆಂದರೆ ಆ ಶಬ್ದ ಕೇಳಿದ ಜನರ ಮನಸ್ಸಿಗೆ ಬರುತ್ತಿದ್ದುದು ಬಾಂಬು ಮತ್ತು ವಿಕಿರಣ. ಯಂತ್ರದಲ್ಲಿ ನಡೆಯುವ ಕೆಲಸ ಎಳ್ಳಷ್ಟೂ ಬದಲಾಗಲಿಲ್ಲ: ನಮ್ಮ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಬೀಜಕೇಂದ್ರಗಳು ಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ರೇಡಿಯೋ ಅಲೆಗಳಿಗೆ ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಅದು ಅಳೆಯುತ್ತದೆ. ಅಲ್ಲಿ ವಿಕಿರಣಶೀಲ ವಸ್ತು ಯಾವುದೂ ಇಲ್ಲ. ಅಂದರೆ ಇಲ್ಲಿ ಹಳೆಯ ಹೆಸರೇ ಜನರಿಗೆ ಇಲ್ಲದ ಭಯವನ್ನು ಹುಟ್ಟಿಸುತ್ತಿತ್ತು. ಇನ್ನೊಂದು ಕಡೆ ಸಿಟಿ ಸ್ಕ್ಯಾನ್ ಎಕ್ಸ್-ರೇ ಕಿರಣಗಳನ್ನೇ ಬಳಸುತ್ತದೆ, ಒಂದು ಸಾಧಾರಣ ಎಕ್ಸ್-ರೇ ಚಿತ್ರಕ್ಕಿಂತ ಹೆಚ್ಚು ಪ್ರಮಾಣದಲ್ಲಿ. ಆದರೆ ಅದರ ಹೆಸರಿನಲ್ಲಿ ಆ ಸುಳಿವು ಇಲ್ಲವಾದ್ದರಿಂದ ಶಿವಮೊಗ್ಗದ ಸ್ಕ್ಯಾನಿಂಗ್ ಕೇಂದ್ರಗಳ ಮುಂದೆ ಕೂತ ಜನರಲ್ಲಿ ಬಹುಮಂದಿ ಎರಡನ್ನೂ ಒಂದೇ ಬಗೆಯ ‘ಸ್ಕ್ಯಾನ್’ ಎಂದು ತಿಳಿದಿರುತ್ತಾರೆ. ಹೆಸರು ಹುಟ್ಟಿಸುವ ಭಯಕ್ಕೂ ವಸ್ತುವಿನಲ್ಲಿರುವ ಅಪಾಯಕ್ಕೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ವಸ್ತುವೂ ಬದಲಾಗಿ ಹೆಸರೂ ಬದಲಾದದ್ದಕ್ಕೆ ಕೆನೋಲಾ ಎಣ್ಣೆ ಸಾಕ್ಷಿ. ಸಾಸಿವೆಯ ಬಳಗಕ್ಕೆ ಸೇರಿದ ರೇಪ್‌ಸೀಡ್ ಎಂಬ ಬೆಳೆಯ ಎಣ್ಣೆಯಲ್ಲಿ ಎರುಸಿಕ್ ಆಮ್ಲ ಹೆಚ್ಚಿತ್ತು, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಹೃದಯಕ್ಕೆ ತೊಂದರೆ ಮಾಡುವುದು ಕಂಡುಬಂದಿತ್ತು. ಕೆನಡಾದ ತಳಿ ವಿಜ್ಞಾನಿಗಳಾದ ಕೀತ್ ಡೌನಿ ಮತ್ತು ಬಾಲ್ಡರ್ ಸ್ಟೆಫಾನ್ಸನ್ ಆ ಆಮ್ಲ ಬಹಳ ಕಡಿಮೆ ಇರುವ ತಳಿಗಳನ್ನು ರೂಪಿಸಿದರು. 1978ರಲ್ಲಿ ಆ ಹೊಸ ತಳಿಗಳಿಗೆ ಕೆನಡಾದ ಹೆಸರನ್ನೇ ಸೇರಿಸಿ ಕೆನೋಲಾ ಎಂದು ಹೆಸರಿಟ್ಟರು. ಇಂಗ್ಲಿಷ್ ಕಿವಿಗೆ ಹಳೆಯ ಹೆಸರು ಅತ್ಯಾಚಾರ ಎಂಬ ಅರ್ಥದ ಶಬ್ದದಂತೆಯೇ ಕೇಳಿಸುತ್ತಿದ್ದುದರಿಂದ ಮಾರಾಟಕ್ಕೂ ಹೊಸ ಹೆಸರು ಅನುಕೂಲವಾಯಿತು ಎಂಬುದು ನಿಜ. ಆದರೂ ಕೆನೋಲಾ ಎಂಬ ಹೆಸರಿಗೆ ಎರುಸಿಕ್ ಆಮ್ಲ ಶೇ 2ಕ್ಕಿಂತ ಕಡಿಮೆ ಇರಬೇಕೆಂಬ ಅಳತೆಯೊಂದು ಅಂಟಿಕೊಂಡಿದೆ. ಹೊಸ ಹೆಸರಿನ ಹಿಂದೆ ಇಂಥ ಅಳತೆ ಇದೆಯೇ ಎಂದು ನೋಡಿ. ಇದ್ದರೆ ಹೆಸರಿಗೆ ಆಧಾರವಿದೆ ಎಂದು ತಿಳಿಯಬಹುದು.

ಅಳತೆಯೂ ಇಲ್ಲದೆ ವಸ್ತುವೂ ಬದಲಾಗದೆ ಹೆಸರು ಮಾತ್ರ ಬದಲಾದ ಸಂದರ್ಭಗಳು ಬಹಳ. ಇಂಗ್ಲೆಂಡಿನ ವಿಂಡ್‌ಸ್ಕೇಲ್ ಅಣು ಕೇಂದ್ರದಲ್ಲಿ 1957ರಲ್ಲಿ ದೊಡ್ಡ ಬೆಂಕಿ ಬಿದ್ದು ವಿಕಿರಣ ಹೊರಬಂದಿತ್ತು. 1981ರಲ್ಲಿ ಆ ಸ್ಥಳವನ್ನು ಸೆಲ್ಲಾಫೀಲ್ಡ್ ಎಂದು ಕರೆಯಲಾಯಿತು, ಆದರೆ ಅಲ್ಲಿಯ ತ್ಯಾಜ್ಯ ಅಲ್ಲಿಯೇ ಇತ್ತು. ಅಮೆರಿಕದಲ್ಲಿ ಚರಂಡಿ ನೀರನ್ನು ಶುದ್ಧೀಕರಿಸಿದ ಮೇಲೆ ಉಳಿಯುವ ಕೆಸರನ್ನು ಹೊಲಕ್ಕೆ ಗೊಬ್ಬರವಾಗಿ ಕೊಡುವಾಗ, 1990ರ ದಶಕದಿಂದ ಅದಕ್ಕೆ ‘ಬಯೋಸಾಲಿಡ್ಸ್’ ಎಂಬ ಹೆಸರು ಬಂತು. ಹೆಸರಿನಿಂದ ಚರಂಡಿ ಮಾಯವಾಯಿತು. ಕೆಸರಿನಲ್ಲಿ ಭಾರಲೋಹಗಳು ಎಷ್ಟಿವೆ ಎಂಬ ಪ್ರಶ್ನೆಯನ್ನು ಮಾತ್ರ ಪರೀಕ್ಷೆಯಿಂದಲೇ ಉತ್ತರಿಸಬೇಕಾಯಿತು.

ಹೆಸರಿನ ಬದಲಾವಣೆ ಬರೀ ಭಾವನೆಯ ವಿಷಯವಲ್ಲ, ಆರೋಗ್ಯದ ವಿಷಯವೂ ಆಗಬಹುದು ಎಂಬುದನ್ನು ತೋರಿಸುವ ಪ್ರಕರಣವೊಂದಿದೆ. ಮೆಕ್ಕೆಜೋಳದಿಂದ ತೆಗೆಯುವ ಹೈ ಫ್ರಕ್ಟೋಸ್ ಕಾರ್ನ್ ಸಿರಪ್ ಎಂಬ ಸಿಹಿದ್ರವದ ಹೆಸರು ಅಮೆರಿಕದಲ್ಲಿ ಕೆಟ್ಟಾಗ, ಅದನ್ನು ತಯಾರಿಸುವವರ ಸಂಘ 2010ರಲ್ಲಿ ‘ಕಾರ್ನ್ ಶುಗರ್’ ಎಂಬ ಹೆಸರನ್ನು ಬಳಸಲು ಅಲ್ಲಿಯ ಆಹಾರ ಮತ್ತು ಔಷಧ ಆಡಳಿತಕ್ಕೆ ಅರ್ಜಿ ಹಾಕಿತು. 2012ರಲ್ಲಿ ಅರ್ಜಿ ತಿರಸ್ಕೃತವಾಯಿತು. ಸಕ್ಕರೆ ಎಂದರೆ ಒಣಗಿ ಹರಳುಗಟ್ಟಿದ ಘನವಸ್ತು, ಇದು ದ್ರವ, ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಗಂಭೀರವಾದದ್ದು: ‘ಕಾರ್ನ್ ಶುಗರ್’ ಎಂಬುದು ಅದಾಗಲೇ ಡೆಕ್ಸ್‌ಟ್ರೋಸ್ ಎಂಬ, ಫ್ರಕ್ಟೋಸ್ ಇಲ್ಲದ ಇನ್ನೊಂದು ಸಕ್ಕರೆಗೆ ಇದ್ದ ಹೆಸರು, ಮತ್ತು ಹುಟ್ಟಿನಿಂದಲೇ ಫ್ರಕ್ಟೋಸ್ ಜೀರ್ಣಿಸಿಕೊಳ್ಳಲಾಗದ ಜನರು ಆ ಹೆಸರನ್ನು ನೋಡಿ ತಮಗೆ ಸುರಕ್ಷಿತವೆಂದು ತಿಳಿದಿದ್ದರು. ಅದೇ ಹೆಸರನ್ನು ಫ್ರಕ್ಟೋಸ್ ಇರುವ ವಸ್ತುವಿಗೆ ಇಟ್ಟರೆ ಅವರ ಜೀವಕ್ಕೆ ಅಪಾಯ. ಆದ್ದರಿಂದ ಹಾಳೆಯಲ್ಲಿ ಮೂರನೆಯದಾಗಿ ಇದನ್ನೂ ಬರೆದುಕೊಳ್ಳಿ: ಈ ಹೊಸ ಹೆಸರು ಈಗಾಗಲೇ ಬೇರೆ ಯಾವುದಕ್ಕಾದರೂ ಇದೆಯೇ, ಇದ್ದರೆ ಯಾರು ಅದನ್ನು ನಂಬಿಕೊಂಡಿದ್ದಾರೆ?

ಡಬ್ಬದ ಮೇಲೆ ಓದಬೇಕಾದದ್ದು

ಕೀಟನಾಶಕದ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ವ್ಯಾಪಾರಿ ಹೆಸರು. ಶೂರ, ವೀರ, ರಕ್ಷಕ ಎಂಬ ಅರ್ಥ ಬರುವ ಈ ಹೆಸರುಗಳಿಂದ ಒಳಗೆ ಏನಿದೆ ಎಂಬುದು ತಿಳಿಯುವುದಿಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ರಾಸಾಯನಿಕದ ಸಾಮಾನ್ಯ ಹೆಸರು ಮತ್ತು ಶೇಕಡಾ ಪ್ರಮಾಣ ಇರುತ್ತವೆ. ಓದಬೇಕಾದದ್ದು ಅದನ್ನು. ಎರಡು ಅಂಗಡಿಗಳಲ್ಲಿ ಎರಡು ಹೆಸರಿನಲ್ಲಿ ಕೊಂಡು, ಒಂದು ಫಲ ಕೊಡಲಿಲ್ಲವೆಂದು ಇನ್ನೊಂದನ್ನೂ ಸೇರಿಸಿ ಹೊಡೆದವರು ಎಷ್ಟೋ ಸಲ ಒಂದೇ ರಾಸಾಯನಿಕವನ್ನು ಎರಡು ಪಟ್ಟು ಹೊಡೆದಿರುತ್ತಾರೆ.

ಸಾಮಾನ್ಯ ಹೆಸರಿನ ಬೆಲೆ ಎಂಡೋಸಲ್ಫಾನ್ ವಿಚಾರದಲ್ಲಿ ಚೆನ್ನಾಗಿ ಗೊತ್ತಾಯಿತು. ಅದು ಹಲವು ವ್ಯಾಪಾರಿ ಹೆಸರುಗಳಲ್ಲಿ ಮಾರಾಟವಾಗುತ್ತಿತ್ತು. ಕಾಸರಗೋಡಿನಲ್ಲಿ ಮತ್ತು ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತ ಗೇರು ತೋಟಗಳಿಗೆ ಅದನ್ನು ಆಕಾಶದಿಂದ ಸಿಂಪಡಿಸಿದ ಪ್ರದೇಶಗಳ ಜನರು ತಮ್ಮ ಮಕ್ಕಳ ಅಂಗವೈಕಲ್ಯಕ್ಕೂ ಆ ಸಿಂಪಡಣೆಗೂ ಸಂಬಂಧ ಕಂಡು ಹೋರಾಡಿದಾಗ, ಅವರ ಬಾಯಲ್ಲಿ ನಿಂತದ್ದು ರಾಸಾಯನಿಕದ ಹೆಸರೇ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಹೆಸರಿನ ವಸ್ತುವನ್ನೇ ತಡೆಹಿಡಿದದ್ದರಿಂದ ಯಾವ ಹೊಸ ಲೇಬಲ್ಲಿನ ಮರೆಯಲ್ಲಿಯೂ ಅದು ಉಳಿಯುವಂತಿರಲಿಲ್ಲ. ಹೋರಾಟಗಾರರು ಒಂದು ವ್ಯಾಪಾರಿ ಹೆಸರನ್ನು ಹಿಡಿದುಕೊಂಡಿದ್ದರೆ ಫಲ ಬೇರೆಯಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಓದಲು ಬಾರದವರಿಗೆ ಡಬ್ಬದ ಮೇಲಿನ ವಜ್ರಾಕೃತಿಯ ಗುರುತನ್ನು ತೋರಿಸಿಕೊಡಿ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತಿ ಘೋರ ವಿಷ, ಹಳದಿಯಾಗಿದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ನೀಲಿ ಮಧ್ಯಮ, ಹಸಿರು ಕಡಿಮೆ. ಕೆಂಪಿನ ಮೇಲೆ ತಲೆಬುರುಡೆಯ ಚಿತ್ರವೂ ಇರುತ್ತದೆ. ಹಸಿರು ಬಣ್ಣ ಕಂಡು ‘ಇದು ಸಾವಯವ’ ಎಂದುಕೊಳ್ಳುವವರಿದ್ದಾರೆ. ಅದು ಹಾಗಲ್ಲ ಎಂಬುದನ್ನು ಒತ್ತಿ ಹೇಳಬೇಕು. ಜೊತೆಗೆ, ಈ ಬಣ್ಣಗಳು ಒಮ್ಮೆಗೇ ಹೊಟ್ಟೆಗೋ ಚರ್ಮಕ್ಕೋ ಸೇರಿದರೆ ಆಗುವ ಅಪಾಯವನ್ನು ಆಧರಿಸಿದವು. ಹತ್ತು ವರ್ಷ ಸ್ವಲ್ಪ ಸ್ವಲ್ಪವಾಗಿ ಮೈಗೆ ತಾಗಿದರೆ ಏನಾಗುತ್ತದೆ ಎಂಬುದನ್ನು ಅವು ಹೇಳುವುದಿಲ್ಲ.

ಮೈಲುತುತ್ತದ ವಿಷಯದಲ್ಲಿ ಇದರ ಇನ್ನೊಂದು ಮುಖವಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಅಧ್ಯಯನ ನಡೆಸಿ 1910ರಲ್ಲಿ ಪ್ರಕಟಿಸಿದ ಕಾಲದಿಂದ ಲೆಕ್ಕ ಹಾಕಿದರೂ ಅದು ನಮ್ಮ ತೋಟಗಳಿಗೆ ಬಂದು ನೂರು ವರ್ಷಗಳ ಮೇಲಾಯಿತು. ಅಜ್ಜನ ಕಾಲದ ಹೆಸರಾದ್ದರಿಂದ ಅದರ ಮೇಲೆ ನಮಗೆ ನಂಬಿಕೆ. ‘ಕಾಪರ್ ಸಲ್ಫೇಟ್’ ಎಂದರೆ ಹಿಂಜರಿಯುವವರು ಮೈಲುತುತ್ತವನ್ನು ಬರಿಗೈಯಲ್ಲಿ ಕಲಸುತ್ತಾರೆ. ಎರಡೂ ಒಂದೇ ವಸ್ತು. ಕಣ್ಣಿಗೆ, ಹೊಟ್ಟೆಗೆ, ಹೊಳೆಯ ಮೀನಿಗೆ ಎರಡು ಹೆಸರಿನಲ್ಲಿಯೂ ಅಷ್ಟೇ ಕೆಟ್ಟದ್ದು. ಅಡುಗೆಮನೆಯಲ್ಲಿ ಇದಕ್ಕೆ ಸಮನಾದದ್ದು ಟೇಸ್ಟಿಂಗ್ ಪೌಡರ್. ಅದನ್ನು ಅಜಿನೊಮೊಟೊ ಎಂದರೆ ಹೆದರುವ, ಎಂಎಸ್‌ಜಿ ಎಂದರೆ ಇನ್ನೂ ಹೆದರುವ ಜನರು ಪೊಟ್ಟಣದ ಹಿಂದೆ ‘ಐಎನ್‌ಎಸ್ 621’ ಎಂಬ ಸಂಖ್ಯೆಯನ್ನು ಕಂಡರೆ ಗಮನಿಸದೆ ಮುಂದೆ ಹೋಗುತ್ತಾರೆ. ನಾಲ್ಕೂ ಒಂದೇ ಉಪ್ಪು.

ಹೆಸರನ್ನು ಬಿಡಿಸಿ ವಾಕ್ಯ ಮಾಡಿ

ಯೋಜನೆಗಳ ಹೆಸರು ಬಂದಾಗ ಡಬ್ಬ ಓದುವ ವಿಧಾನ ಸಾಲುವುದಿಲ್ಲ. ಆಗ ನಾನು ಮಾಡುವುದು, ಆ ಹೆಸರನ್ನು ಕ್ರಿಯಾಪದವಿರುವ ಪೂರ್ಣ ವಾಕ್ಯವಾಗಿ ಬಿಡಿಸುವುದು: ಯಾರು, ಯಾವುದರಿಂದ, ಎಲ್ಲಿ, ಏನು ಮಾಡುತ್ತಾರೆ?

ಶರಾವತಿ ಕಣಿವೆಯ 2000 ಮೆಗಾವಾಟ್ ಯೋಜನೆಯನ್ನು ನೋಡಿ. ಅದನ್ನು ‘ಪಂಪ್ಡ್ ಸ್ಟೋರೇಜ್’ ಎಂದೂ, ‘ಭೂಗತ ವಿದ್ಯುತ್ ಯೋಜನೆ’ ಎಂದೂ ಕರೆಯುತ್ತಾರೆ. ಇಂಥ ಯೋಜನೆಗಳಿಗೆ ‘ನೀರಿನ ಬ್ಯಾಟರಿ’ ಎಂಬ ಹೆಸರೂ ಇದೆ. ಮೊದಲನೆಯದು ಯಾರಿಗೂ ಅರ್ಥವಾಗುವುದಿಲ್ಲ. ಎರಡನೆಯದನ್ನು ಕೇಳಿದವರು ಎಲ್ಲವೂ ನೆಲದೊಳಗೆ ನಡೆಯುತ್ತದೆ, ಮೇಲಿನ ಕಾಡಿಗೆ ಏನೂ ಆಗದು ಎಂದು ತಿಳಿಯುತ್ತಾರೆ. ಮೂರನೆಯದು ಹೊಸ ತಂತ್ರಜ್ಞಾನದ ಹೊಳಪನ್ನು ಕೊಡುತ್ತದೆ. ಈಗ ಬಿಡಿಸೋಣ: ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ವಿದ್ಯುತ್ತಿಗೆ ಬೇಡಿಕೆ ಕಡಿಮೆ ಇರುವ ಹೊತ್ತಿನಲ್ಲಿ ಸುರಂಗದ ಮೂಲಕ ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುತ್ತಾರೆ, ಬೇಡಿಕೆ ಹೆಚ್ಚಾದಾಗ ಅದನ್ನೇ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುತ್ತಾರೆ, ಇಂಥ ವ್ಯವಸ್ಥೆಗಳಲ್ಲಿ ಎತ್ತಲು ಬಳಸಿದ ವಿದ್ಯುತ್ತಿನ ಸುಮಾರು ಶೇ 70ರಿಂದ 80ರಷ್ಟು ಮಾತ್ರ ಮರಳಿ ಸಿಗುತ್ತದೆ, ಸುರಂಗ, ರಸ್ತೆ, ವಿದ್ಯುದಾಗಾರಗಳ ಕೆಲಸ ನಡೆಯಬೇಕಾದದ್ದು ಸಿಂಗಳೀಕಗಳಿಗಾಗಿ ಮೀಸಲಿಟ್ಟ ಶರಾವತಿ ಕಣಿವೆ ಅಭಯಾರಣ್ಯದ ಸೀಮೆಯಲ್ಲಿ. ಈ ವಾಕ್ಯ ಯೋಜನೆಯ ಪರವೂ ಅಲ್ಲ, ವಿರೋಧವೂ ಅಲ್ಲ. ಬಿಸಿಲು ಮತ್ತು ಗಾಳಿಯ ವಿದ್ಯುತ್ತನ್ನು ಸಂಜೆಗೆ ಉಳಿಸಿಕೊಳ್ಳಲು ಇಂಥದೊಂದು ಬೇಕು ಎನ್ನುವವರೂ, ಈ ಕಣಿವೆಯಲ್ಲಿ ಬೇಡ ಎನ್ನುವವರೂ ಇದೇ ವಾಕ್ಯವನ್ನು ಮುಂದಿಟ್ಟುಕೊಂಡು ಮಾತಾಡಬಹುದು. ಹೆಸರನ್ನು ಮುಂದಿಟ್ಟುಕೊಂಡು ಹಾಗೆ ಮಾತಾಡಲು ಸಾಧ್ಯವಿಲ್ಲ, ಏಕೆಂದರೆ ಒಪ್ಪಿಗೆಯೋ ನಿರಾಕರಣೆಯೋ ಹೆಸರಿನೊಳಗೇ ಕೂತಿರುತ್ತದೆ.

ಈ ಕಣಿವೆಯ ಜನರಿಗೆ ಇದು ಹೊಸತಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಕಡತಗಳಲ್ಲಿ ‘ಜಲಾಶಯ’ ಎಂದು ದಾಖಲಾದದ್ದನ್ನು ಸಾಗರ ಮತ್ತು ಹೊಸನಗರದ ಕಡೆಯವರು ಇಂದಿಗೂ ‘ಮುಳುಗಡೆ’ ಎನ್ನುತ್ತಾರೆ. ಜಲಾಶಯ ಎಂದಾಗ ಕಾಣುವುದು ನೀರು, ಮುಳುಗಡೆ ಎಂದಾಗ ಕಾಣುವುದು ನೀರಿನ ಕೆಳಗಿನ ಗದ್ದೆ ಮತ್ತು ಮನೆ. ಅರವತ್ತು ವರ್ಷಗಳ ನಂತರವೂ ಸಂತ್ರಸ್ತರ ಭೂಮಿಯ ಹಕ್ಕಿನ ಮಾತು ನಿಂತಿಲ್ಲವೆಂದರೆ, ಜನರೇ ಇಟ್ಟುಕೊಂಡ ಆ ಹೆಸರಿಗೂ ಅದರಲ್ಲಿ ಪಾಲಿದೆ ಎಂದು ನಾನು ನಂಬಿದ್ದೇನೆ.

ಇದೇ ವಿಧಾನವನ್ನು ಮಂಗನ ಕಾಯಿಲೆಗೂ ಬಳಸಿ ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರಕ್ಕೆ ವೈದ್ಯಕೀಯ ಹೆಸರು ಕಾಡಿನಿಂದ ಬಂತು, ಜನರ ಹೆಸರು ಸತ್ತು ಬೀಳುತ್ತಿದ್ದ ಮಂಗಗಳಿಂದ ಬಂತು. ಎರಡರಲ್ಲಿಯೂ ಉಣುಗು, ಅಂದರೆ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಹುಳ, ಇಲ್ಲ. ಬಿಡಿಸಿ ಹೇಳಿದರೆ: ವೈರಸ್ ಹೊತ್ತ ಉಣುಗು ಮನುಷ್ಯರನ್ನು ಕಚ್ಚಿದಾಗ ಜ್ವರ ಬರುತ್ತದೆ; ಮಂಗ ಅದೇ ರೋಗದಿಂದ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ ಸುತ್ತಲಿನ ನೆಲಕ್ಕೆ ಹರಡುತ್ತವೆ; ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಅದು ಅಂಟುವುದಿಲ್ಲ. ಹೆಸರನ್ನೇ ನಂಬಿದವರು ಮಂಗವನ್ನು ದ್ವೇಷಿಸುತ್ತಾರೆ, ಆದರೆ ಸೊಪ್ಪಿನ ಬೆಟ್ಟಕ್ಕೆ ತರಗೆಲೆ ತರಲು ಹೋಗುವಾಗ ಕೈಕಾಲಿಗೆ ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳುವುದನ್ನು ಮರೆಯುತ್ತಾರೆ. ಹಾಗೆಂದು ಹೆಸರನ್ನೇ ತೆಗೆದುಹಾಕಬೇಕೆಂದು ನಾನು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊಸ ರೋಗಗಳಿಗೆ ಊರಿನ, ಪ್ರಾಣಿಯ ಹೆಸರು ಇಡಬಾರದೆಂದು ಸಲಹೆ ನೀಡಿದೆ, ಅದು ಸರಿಯೇ. ಆದರೆ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬ ಎಚ್ಚರವನ್ನು ನಮ್ಮ ಹಳ್ಳಿಗಳಲ್ಲಿ ಉಳಿಸಿರುವುದು ಆ ಹಳೆಯ ಹೆಸರೇ. ಫಲಕದಲ್ಲಿ ನಾನು ‘ಮಂಗನ ಕಾಯಿಲೆ, ಅಂದರೆ ಉಣುಗಿನ ಜ್ವರ’ ಎಂದು ಎರಡನ್ನೂ ಬರೆಯುತ್ತೇನೆ.

ಕನ್ನಡದಲ್ಲಿ ಹೆಸರಿಡುವಾಗ

ಅನುವಾದ ಮಾಡುವವರು ತಮ್ಮನ್ನು ತಾವು ಬರೀ ದಾಟಿಸುವವರೆಂದು ಭಾವಿಸುತ್ತಾರೆ. ವಿವಾದದ ವಿಷಯದಲ್ಲಿ ಅದು ಸಾಧ್ಯವಿಲ್ಲ. ನಾವು ಆರಿಸುವ ಪ್ರತಿಯೊಂದು ಶಬ್ದವೂ ಒಂದು ಕಡೆಗೆ ವಾಲುತ್ತದೆ.

‘ಕುಲಾಂತರಿ’ ಎಂಬ ಶಬ್ದವನ್ನು ನೋಡಿ. ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದು ಕುಲದ ಜೀವಿಗೆ ಸೇರಿಸುವುದನ್ನು ಅದು ನಿಖರವಾಗಿಯೇ ಹೇಳುತ್ತದೆ. ಬಿಟಿ ಬದನೆಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ ಇತ್ತು, ಹಾಗಾಗಿ ಅದು ಕುಲಾಂತರಿಯೇ. ಆದರೆ ಕನ್ನಡದಲ್ಲಿ ಕುಲ ಎಂಬ ಮಾತಿಗೆ ಜೀವಶಾಸ್ತ್ರಕ್ಕಿಂತ ಬಹಳ ಹಳೆಯ, ಬಹಳ ನೋವಿನ ಅರ್ಥಗಳಿವೆ. ಕುಲ ಕೆಡುವುದು ಎಂಬ ಭಯ ಆ ಶಬ್ದದೊಳಗೆ ತಾನಾಗಿ ಬಂದು ಸೇರುತ್ತದೆ. 2010ರ ಫೆಬ್ರುವರಿ 9ರಂದು ಕೇಂದ್ರ ಸಚಿವ ಜೈರಾಂ ರಮೇಶ್ ಬಿಟಿ ಬದನೆಗೆ ತಡೆ ಹಾಕುವ ಮೊದಲು ನಡೆದ ಚರ್ಚೆಯಲ್ಲಿ ಬೀಜದ ಒಡೆತನ, ಸ್ಥಳೀಯ ಬದನೆ ತಳಿಗಳ ಉಳಿವು, ಪರೀಕ್ಷೆಗಳ ಕೊರತೆ ಎಂಬ ಗಟ್ಟಿ ಪ್ರಶ್ನೆಗಳಿದ್ದವು. ಆ ಪ್ರಶ್ನೆಗಳಿಗೆ ಹೆಸರಿನ ಆಸರೆ ಬೇಕಿರಲಿಲ್ಲ.

ಈಗ ಬಂದಿರುವುದು ಇದಕ್ಕಿಂತ ಬೇರೆಯ ತಂತ್ರ, ಇಂಗ್ಲಿಷಿನಲ್ಲಿ ‘ಜೀನ್ ಎಡಿಟಿಂಗ್’ ಎನ್ನುವುದು. ಹೊರಗಿನ ವಂಶವಾಹಿಯನ್ನು ಉಳಿಸದೆ, ಬೆಳೆಯದೇ ಆದ ವಂಶವಾಹಿಯಲ್ಲಿ ಸಣ್ಣ ಬದಲಾವಣೆ ಮಾಡುವ ಕೆಲವು ವಿಧಾನಗಳನ್ನು ಕೇಂದ್ರ ಸರ್ಕಾರ 2022ರಲ್ಲಿ ಕುಲಾಂತರಿ ಬೆಳೆಗಳ ಕಠಿಣ ನಿಯಮಗಳಿಂದ ಹೊರಗಿಟ್ಟಿತು. 2025ರ ಮೇ 4ರಂದು ಅಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲೊಂದು ಸಾಂಬಾ ಮಸೂರಿಯಿಂದ ಬಂದದ್ದು. ಇದನ್ನು ಕನ್ನಡದಲ್ಲಿ ಏನೆನ್ನಬೇಕು? ಕುಲಾಂತರಿ ಎಂದರೆ ತಪ್ಪು, ಏಕೆಂದರೆ ವಸ್ತು ನಿಜಕ್ಕೂ ಬೇರೆ. ‘ವಂಶವಾಹಿ ತಿದ್ದಿದ ತಳಿ’ ಎಂದು ಹಲವರು ಬರೆಯುತ್ತಾರೆ. ಆದರೆ ನಾವು ತಿದ್ದುವುದು ತಪ್ಪನ್ನು. ತಿದ್ದುವುದು ಎಂದ ಕೂಡಲೇ ಮೊದಲಿದ್ದ ತಳಿಯಲ್ಲಿ ದೋಷವಿತ್ತು, ಈಗ ಸರಿಯಾಯಿತು ಎಂಬ ತೀರ್ಪು ಬಂದುಬಿಡುತ್ತದೆ. ‘ಸಂಪಾದಿತ’ ಎಂದರೆ ಗಳಿಸಿದ್ದು ಎಂಬ ಅರ್ಥ ಅಡ್ಡ ಬರುತ್ತದೆ. ನಾನು ಸದ್ಯಕ್ಕೆ ‘ವಂಶವಾಹಿ ಬದಲಿಸಿದ, ಹೊರಗಿನ ವಂಶವಾಹಿ ಇಲ್ಲದ ತಳಿ’ ಎಂದು ಬರೆಯುತ್ತಿದ್ದೇನೆ. ಉದ್ದವಾಯಿತು ಎಂದು ದೂರುವವರಿದ್ದಾರೆ. ಆದರೂ ಅದು ಹೊಗಳುವುದೂ ಇಲ್ಲ, ಹೆದರಿಸುವುದೂ ಇಲ್ಲ.

ಸರಿಯಾದ ಹೆಸರಿದ್ದೂ ಜನರಿಗೆ ತಲುಪದೆ ಹೋದರೆ ಏನಾಗುತ್ತದೆ ಎಂಬುದನ್ನು ಪಡಿತರದ ಅಕ್ಕಿ ತೋರಿಸಿತು. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಬೆರೆಸಿ, ಕಾಳಿನ ಆಕಾರಕ್ಕೆ ಒತ್ತಿ, ನೂರು ಪಾಲು ಅಕ್ಕಿಗೆ ಒಂದು ಪಾಲಿನಂತೆ ಸೇರಿಸಿದ್ದಕ್ಕೆ ಅಧಿಕೃತ ಹೆಸರು ‘ಸಾರವರ್ಧಿತ ಅಕ್ಕಿ’. ಆ ಹೆಸರನ್ನು ನ್ಯಾಯಬೆಲೆ ಅಂಗಡಿಯ ಮುಂದೆ ಯಾರೂ ವಿವರಿಸಲಿಲ್ಲ. ಅಕ್ಕಿ ತೊಳೆಯುವಾಗ ಬಣ್ಣ ಬೇರೆಯಾದ, ತೇಲುವ ಕಾಳುಗಳನ್ನು ಕಂಡ ಹೆಂಗಸರು ಅದಕ್ಕೆ ತಾವೇ ಹೆಸರಿಟ್ಟರು: ‘ಪ್ಲಾಸ್ಟಿಕ್ ಅಕ್ಕಿ’. ರಕ್ತಹೀನತೆ ಇರುವವರಿಗಾಗಿಯೇ ಸೇರಿಸಿದ ಕಾಳನ್ನು ಆರಿಸಿ ಎಸೆದ ಮನೆಗಳನ್ನು ನಾನು ಬಲ್ಲೆ. ಅವರನ್ನು ಅಜ್ಞಾನಿಗಳೆನ್ನುವುದು ಅನ್ಯಾಯ. ಕಣ್ಣಿಗೆ ಕಂಡದ್ದಕ್ಕೆ ಹೆಸರು ಬೇಕಾಗಿತ್ತು, ಸಿಕ್ಕಿದ್ದನ್ನು ಅವರು ಇಟ್ಟುಕೊಂಡರು.

ನಮ್ಮದೇ ಬೆಳೆಯ ವಿಚಾರ

ಬೇರೆಯವರ ವಸ್ತುವಿಗೆ ಈ ಪರೀಕ್ಷೆ ಮಾಡುವುದು ಸುಲಭ. ನಾನೂ ಅಡಿಕೆ ತೋಟದ ಮನೆಯವನು, ಆದ್ದರಿಂದ ಇದನ್ನು ಬರೆಯಲೇಬೇಕು.

ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರುಗಳು ಎಷ್ಟು ಖಚಿತವೆಂದರೆ, ಹೆಸರು ಬೇರೆಯಾದರೆ ಅಡಿಕೆಯೂ ಬೇರೆ, ಧಾರಣೆಯೂ ಬೇರೆ. ಅದೇ ಅಡಿಕೆ ಇಲ್ಲಿಂದ ಲಾರಿ ಹತ್ತಿ ಉತ್ತರಕ್ಕೆ ಹೋಗಿ ಪೊಟ್ಟಣದೊಳಗೆ ಸೇರಿದ ಮೇಲೆ ತನ್ನ ಹೆಸರನ್ನು ಕಳೆದುಕೊಂಡು ‘ಪಾನ್ ಮಸಾಲ’, ‘ಮೌತ್ ಫ್ರೆಶ್‌ನರ್’ ಆಗುತ್ತದೆ. 2013ರ ಮೇ ಕೊನೆಯಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದಾಗ, ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಎಂದು ಬೇರೆ ಬೇರೆಯಾಗಿ ಅಂಗಡಿಯಲ್ಲಿ ತೂಗಿದವು. ಕೊಂಡವರು ಅಂಗೈಯಲ್ಲಿ ಎರಡನ್ನೂ ಕೂಡಿಸಿ ಬಾಯಿಗೆ ಹಾಕಿಕೊಂಡರು. ಕಾನೂನಿನ ಹೆಸರು ಹೋಯಿತು, ವಸ್ತು ಉಳಿಯಿತು.

ತಂಬಾಕನ್ನು ಬಿಟ್ಟರೆ ಅಡಿಕೆ ನಿರ್ದೋಷಿ ಎಂದು ನಾವು ಹೇಳಿಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದಕ್ಕೆ ಸಾಕಷ್ಟು ಪುರಾವೆ ಇರುವ ಗುಂಪಿಗೆ ಸೇರಿಸಿದೆ. ಈ ‘ಮೊದಲ ಗುಂಪು’ ಎಂಬ ಹೆಸರನ್ನೂ ಬಿಡಿಸಿ ಹೇಳಬೇಕು: ಅದು ಪುರಾವೆ ಎಷ್ಟು ಗಟ್ಟಿ ಎಂಬುದರ ಲೆಕ್ಕ, ಅಪಾಯ ಎಷ್ಟು ದೊಡ್ಡದು ಎಂಬುದರ ಲೆಕ್ಕವಲ್ಲ, ಬಿಸಿಲೂ ಮದ್ಯವೂ ಅದೇ ಗುಂಪಿನಲ್ಲಿವೆ. ಮದುವೆ ಮನೆಯಲ್ಲಿ ಊಟದ ನಂತರ ಒಮ್ಮೆ ಕವಳ (ಎಲೆ-ಅಡಿಕೆ) ಹಾಕುವವರಿಗೂ ದಿನವಿಡೀ ಪೊಟ್ಟಣ ಬಾಯಲ್ಲಿ ಇಟ್ಟುಕೊಳ್ಳುವವರಿಗೂ ಆ ಗುಂಪಿನ ಹೆಸರು ವ್ಯತ್ಯಾಸ ಹೇಳುವುದಿಲ್ಲ. ಇಷ್ಟನ್ನು ಸ್ಪಷ್ಟವಾಗಿ ಹೇಳಿದ ಮೇಲೂ ವರದಿಯ ಮಾತು ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರ ಕೊಡಬೇಕಾದದ್ದು ಸಂಶೋಧನೆಯಿಂದ. ಅಡಿಕೆಯನ್ನು ಪೂಜೆಯ ವಸ್ತು, ಸಂಸ್ಕೃತಿಯ ಪ್ರತೀಕ ಎಂದು ಕರೆದುಕೊಂಡರೆ ಆ ಮಾತುಗಳು ಸುಳ್ಳಾಗುವುದಿಲ್ಲ, ಆದರೆ ಅವು ಈ ಪ್ರಶ್ನೆಗೆ ಉತ್ತರವಲ್ಲ.

ಫಲಕಕ್ಕೆ ಬರೆಯುವಾಗ

ಕೆಲಸಕ್ಕೆ ಇಳಿದಾಗ ನಾನು ಅನುಸರಿಸುವ ಕ್ರಮ ಇಷ್ಟೇ. ಜನರು ಆಡುವ ಹೆಸರಿನಿಂದ ಸೂಚನೆಯನ್ನು ಆರಂಭಿಸುತ್ತೇನೆ, ಅದರ ಹಿಂದೆಯೇ ರಾಸಾಯನಿಕದ ಅಥವಾ ಕಾನೂನಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ. ವಿಷವನ್ನು ವಿಷವೆಂದೇ ಬರೆಯುತ್ತೇನೆ. ಮೊದಲು ‘ಕಳೆ ಔಷಧಿ’ ಎಂದಿದ್ದದ್ದು ಈಗ ಹೀಗಿದೆ: ‘ಹುಲ್ಲು ಒಣಗಿಸುವ ವಿಷ, ನೀವು ಕಳೆ ಔಷಧಿ ಎನ್ನುವುದು ಇದನ್ನೇ. ಒಳಗಿರುವ ರಾಸಾಯನಿಕದ ಹೆಸರನ್ನು ಡಬ್ಬದ ಮೇಲೆ ತೋರಿಸಿ ಕೇಳಿ ತಿಳಿದುಕೊಳ್ಳಿ. ಹೊಡೆಯುವಾಗ ಮೈ ಮುಚ್ಚಿರಲಿ. ಖಾಲಿ ಡಬ್ಬಕ್ಕೆ ತೂತು ಹೊಡೆಯಿರಿ. ತೊಳೆದರೂ ಅದರಲ್ಲಿ ಕಾಳು, ನೀರು ತುಂಬಬೇಡಿ.’

ಬರೆದದ್ದನ್ನು ಅಂಟಿಸುವ ಮೊದಲು ಅದನ್ನು ಅಧಿಕಾರಿಗಳಿಗೆ ಓದಿಸುವುದಕ್ಕಿಂತ ಮುಖ್ಯವಾಗಿ, ಪಂಪನ್ನು ಬೆನ್ನಿಗೆ ಹಾಕಿಕೊಂಡು ಹೊಡೆಯುವವರ ಎದುರು ಗಟ್ಟಿಯಾಗಿ ಓದುತ್ತೇನೆ. ಓದಿ ಮುಗಿದ ಮೇಲೆ ಅವರು ಸುಮ್ಮನೆ ತಲೆಯಾಡಿಸಿದರೆ ಸೂಚನೆ ಇನ್ನೂ ಸರಿಯಾಗಿಲ್ಲ. ‘ಅಂದ್ರೆ ಹೋದ ವರ್ಷ ಆ ನೀಲಿ ಡಬ್ಬದಲ್ಲಿ ಬಂದಿತ್ತಲ್ಲ, ಅದೇನಾ ಇದು?’ ಎಂದು ಕೇಳಿದರೆ, ‘ನೀಲಿ ಡಬ್ಬದ್ದು’ ಎಂಬ ಆ ಹೆಸರನ್ನೂ ಅಲ್ಲಿಯೇ ಸೇರಿಸಿಕೊಂಡು ಇನ್ನೊಮ್ಮೆ ಬರೆಯುತ್ತೇನೆ.